ಸೆರಗಿಲ್ಲದ ಉಡಿ

ನಾನು ಮರಳಿ ದುಬೈಗೆ ಹೊರಟ ಬೆಳಿಗ್ಗೆ ಸಂಖ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ, ಅಣ್ಣನ ಹೆಂಡತಿ ವೈನಿ, ಮತ್ತು ನನ್ನನ್ನು ನೋಡಲೆಂದೇ ಅಸಂಗಿಯಿಂದ ಬಂದಿದ್ದ ಸೋದರತ್ತೆ ಕೂತಿದ್ದರು. ಅತ್ತೆಯ ಮೈಮೇಲೆ ಮಾಸಿದ ಹಸಿರು ಸೀರೆ. ಎಷ್ಟೋ ವರ್ಷಗಳ ಮೇಲೆ ತವರಿಗೆ ಬಂದ ಮಗಳಿಗೆ ಉಡಿ ತುಂಬಲು ಅವ್ವ ಮೊರದಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನ ಬೇರು ಇಟ್ಟುಕೊಂಡಿದ್ದಳು. ನಾನು ಪ್ರಯಾಣಕ್ಕೆ ಹಗುರವೆಂದು ಪ್ಯಾಂಟು, ಅಂಗಿ ಹಾಕಿದ್ದೆ. ಹೊರಗೆ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ಒಡ್ಡಲು ಸೆರಗಿಲ್ಲ. ಕೈಗೆ ಸಿಕ್ಕ ಪ್ಲಾಸ್ಟಿಕ್ ಚೀಲವನ್ನೇ ಅಗಲಿಸಿ ಹಿಡಿದೆ.

"ಇದರಾಗ ಹಾಕವ್ವಾ, ಲಗೂನ."

ಅವ್ವನ ಕೈ ಮೊರದ ಮೇಲೇ ನಿಂತಿತು.

"ಸಂತಿಗಿ ಬಂದೀಯೇನವಾ? ತೂಕಾ ಮಾಡಿ ಹಾಕೂಣೇನು?" ಎಂದು ವೈನಿ ನಕ್ಕಳು. ಅವ್ವ ನಗಲಿಲ್ಲ. ಚಿಕ್ಕಂದಿನಲ್ಲಿ ಅತ್ತೆಗೆ ಉಡಿ ತುಂಬುವಾಗ ಪಕ್ಕದಲ್ಲೇ ಕೂತು ಕೊಬ್ಬರಿಗೆ ಕಣ್ಣಿಟ್ಟವಳು ನಾನು. ಪದ್ಧತಿ ಗೊತ್ತಿರಲಿಲ್ಲ ಎನ್ನುವಂತಿರಲಿಲ್ಲ.

ಅತ್ತೆ ಎದ್ದು ತನ್ನ ಗಂಟು ಬಿಚ್ಚಿದಳು. ಮೊಮ್ಮಗಳ ಮದುವೆಗೆ ಉಡಲು ಜತ್ತದಲ್ಲಿ ಕೊಂಡಿದ್ದ ಇಳಕಲ್ ಸೀರೆಯನ್ನು ನನಗೆ ತೋರಿಸಲು ತಂದಿದ್ದಳು. ಅದನ್ನೇ ನನ್ನ ಪ್ಯಾಂಟಿನ ಮೇಲೆ ಸುತ್ತಿ, ಸೆರಗನ್ನು ಕೈಗಿಟ್ಟು, "ಈಗ ಒಡ್ಡವಾ. ಗಾಡಿ ನಿಂದರ್ತೈತಿ" ಎಂದಳು.

ಅವ್ವ ಉಡಿ ತುಂಬಿದಳು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ. ಸೀರೆ ಬಿಚ್ಚಿ ಕೊಡಹೋದರೆ ಅತ್ತೆ, "ಉಡಿ ತುಂಬಿದ ಸೀರಿ ತಿರುಗಿ ತಗೋತಾರೇನು, ಹುಚ್ಚಿ" ಎನ್ನುತ್ತ ನನ್ನನ್ನು ಗಾಡಿಯತ್ತ ದಬ್ಬಿದಳು.

ಮುಂದಿನ ತಿಂಗಳು ಆ ಮದುವೆಯ ವಿಡಿಯೊ ಫೋನಿಗೆ ಬಂತು. ಅಕ್ಕಿಕಾಳು ಹಾಕುವವರ ನಡುವೆ ಅತ್ತೆ ಅದೇ ಮಾಸಿದ ಹಸಿರು ಸೀರೆಯಲ್ಲಿ ನಿಂತಿದ್ದಳು.