ಚುಕ್ಕಿ ದೊಡ್ಡವ್ವನದು, ಗೆರೆ ಅವ್ವನದು

ತೊಂಬತ್ತರ ದಶಕದ ಆ ದಿನಗಳಲ್ಲಿ ಮಾರ್ಗಳಿ ತಿಂಗಳು, ಅಂದರೆ ಧನುರ್ಮಾಸ, ಬಂತೆಂದರೆ ಮಾರಂಡಹಳ್ಳಿಯ ನಮ್ಮ ಬೀದಿಯ ಮಂಜಿಗೆಲ್ಲ ಸಗಣಿನೀರಿನ ವಾಸನೆ ಹತ್ತುತ್ತಿತ್ತು. ಎರಡು ಮನೆಗೆ ಒಂದೇ ಅಂಗಳ, ನಮ್ಮವರ ಬಾಯಲ್ಲಿ ವಾಸಲು. ಒಂದರಲ್ಲಿ ನಾವು, ಇನ್ನೊಂದರಲ್ಲಿ ಅಪ್ಪನ ಅಣ್ಣ ದೊಡ್ಡಪ್ಪ ಮತ್ತು ದೊಡ್ಡವ್ವ. ಅವ್ವನಿಗೂ ದೊಡ್ಡವ್ವನಿಗೂ ಮಾತು ನಿಂತುಹೋಗಿತ್ತು. ಹಸು ಕರು ಹಾಕಿದಾಗ ಗಿಣ್ಣು ಕಳಿಸಲಿಲ್ಲ ಎಂಬುದು ಕಾರಣವೆಂದು ನನ್ನ ನೆನಪು. ಯಾರೋ ಹೇಳಿದ್ದನ್ನೇ ನನ್ನ ನೆನಪಾಗಿ ಮಾಡಿಕೊಂಡಿರಲೂಬಹುದು.

ಆದರೆ ರಂಗೋಲಿ, ನಮ್ಮ ಕಡೆ ಕೋಲ ಅನ್ನುವುದು, ಇಬ್ಬರದೂ ಒಂದೇ. ದೊಡ್ಡವ್ವ ಚುಕ್ಕಿ ಇಟ್ಟು ಹಿಂದೆ ಸರಿಯುತ್ತಿದ್ದಳು. ಅವ್ವ ಅವುಗಳ ಸುತ್ತ ಗೆರೆ ಎಳೆಯುತ್ತಿದ್ದಳು. ಅವ್ವ ಜ್ವರದಿಂದ ಎದ್ದ ದಿನ ಚುಕ್ಕಿಗಳು ಕಡಿಮೆ ಇದ್ದವು, ಬೇಗ ಮುಗಿಯಲೆಂದು. ಒಮ್ಮೆ ದೊಡ್ಡವ್ವ ಬೇಕೆಂದೇ ಸಾಲಿನಾಚೆ ಒಂದು ಚುಕ್ಕಿ ಇಟ್ಟು ಸುಮ್ಮನೆ ನಿಂತಳು. ಅವ್ವ ಅದನ್ನು ಸುತ್ತಿ ಡೊಳ್ಳುಹೊಟ್ಟೆಯ ಹಕ್ಕಿ ಮಾಡಿದಳು. ಥೇಟ್ ದೊಡ್ಡಪ್ಪ! ದೊಡ್ಡವ್ವ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು.

ಅದೇ ಮಾರ್ಗಳಿಯಲ್ಲಿ ಜಗಲಿಯ ಮೇಲೆ ಕೂತು ದೊಡ್ಡಪ್ಪ ಅಪ್ಪನಿಗೆ ಹೇಳಿದ: “ಮೊಕ ನೋಡಿ ಮಾತಾಡ್ದಿರೋ ಎಂಗಸ್ರಿಗೆ ಒಂದೇ ವಾಸಲು ಯಾಕ್ಲಾ? ನಡುವೆ ಒಂದ್ ಗೋಡೆ ಎಬ್ಬಿಸಿದ್ರೆ ಎಲ್ರೂ ನಿಮ್ಮದಿಯಾಗಿರಬೋದು.”

“ಸರಿ ಅಣ್ಣ,” ಅಂದ ಅಪ್ಪ.

ನಾನು ನಡುವೆ ಬಾಯಿ ಹಾಕಿದೆ. “ಅವ್ರು ದಿನಾ ಮಾತಾಡ್ತಾರೆ ದೊಡ್ಡಪ್ಪ.”

“ಯಾವಾಗ್ಲೇ? ನನ್ ಕಿವಿಗೆ ಬಿದ್ದೇ ಇಲ್ವಲ್ಲ!”

“ಕೋಲ ಆಕೋವಾಗ.”

“ಕೇಳುದ್ಯೇನ್ಲಾ ತಮ್ಮ? ಕೋಲದ್ ಪುಡಿ ಮಾತಾಡ್ತದಂತೆ!” ಇಬ್ಬರೂ ನಕ್ಕರು. “ಓಗ್ಲೇ, ಓಗಿ ಮುದ್ದೆ ಉಣ್ಣು.”

ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ದಿನಾ ಅಂಗಳ ಗುಡಿಸಿ ಸಾರಿಸಿದವರು ಆ ಇಬ್ಬರು ಹೆಂಗಸರು. ಅವರನ್ನು ಒಂದು ಮಾತು ಕೇಳುವ ಸೌಜನ್ಯ ಯಾರಿಗೂ ಇರಲಿಲ್ಲ. ಕಲ್ಲು ಬಂದಿಳಿದ ದಿನ ಅವ್ವನೇ ಅಪ್ಪನನ್ನು ಕೇಳಿದಳು: “ಇನ್ ಚುಕ್ಕಿ ಇಡೋರ್ ಯಾರು?”

“ನೀನೇ ಇಟ್ಕ. ಅದೇನ್ ಬ್ರಹ್ಮವಿದ್ಯೆನಾ?”

ಗೋಡೆ ಎದ್ದ ಮರುದಿನ ಶಾಲೆಗೆ ಹೊರಟವಳು ಬೀದಿಯಲ್ಲಿ ನಿಂತುಬಿಟ್ಟೆ. ಗೋಡೆಯ ಈಚೆ ಬರೀ ಗೆರೆಗಳು, ಎಲ್ಲಿ ತಿರುಗಬೇಕೆಂದು ತಿಳಿಯದೆ ಅಲೆದಂತಿದ್ದವು. ಆಚೆ ಬರೀ ಚುಕ್ಕಿಗಳು, ಸಾಲಾಗಿ, ಕಾದು ಕೂತಂತೆ. ಹಾಗೆ ಎಷ್ಟು ದಿನ ನಡೆಯಿತೋ ಹೇಳಲಾರೆ. ನನ್ನ ನೆನಪುಗಳಲ್ಲಿ ಅನುಮಾನಿಸದೆ ಇಟ್ಟುಕೊಂಡಿರುವುದು ಇದೊಂದನ್ನೇ.

ದೊಡ್ಡವ್ವ ಈಗಿಲ್ಲ. ಎರಡೂ ಬಾಗಿಲ ಮುಂದೆ ನೆಲಕ್ಕೆ ಪೇಟೆಯಿಂದ ತಂದ ಪ್ಲಾಸ್ಟಿಕ್ ಕೋಲ ಅಂಟಿಸಿದ್ದಾರೆ. ನಾನು ಊರಿಗೆ ಹೋದಾಗಲೆಲ್ಲ ದೊಡ್ಡಪ್ಪ ಕೇಳುತ್ತಾನೆ: “ಗೋಡೆ ಎದ್ದ ಮ್ಯಾಲೆ ಒಂದ್ ಜಗಳ ಐತಾ, ನೀನೇ ಏಳು?”

ಇಲ್ಲ ದೊಡ್ಡಪ್ಪ, ಜಗಳವಿಲ್ಲ. ಆ ಅಂಟು ಕೋಲದಲ್ಲಿ ಒಂದು ಚುಕ್ಕಿಯೂ ಸಾಲು ಬಿಟ್ಟು ಕೂತಿಲ್ಲ. ಕೋಲವನ್ನು ಎಂದೂ ತುಳಿಯದ ನನ್ನವ್ವ ದಿನಾ ಅದರ ಮೇಲೇ ಕಾಲಿಟ್ಟು ಒಳಗೆ ಬರುತ್ತಾಳೆ.