ತಲೆಯಾಡಿಸಿ ಕಲಿತ ಸ್ಪ್ಯಾನಿಷ್

ನಂಜನಗೂಡಿನ ನಮ್ಮ ಮನೆಯ ಜಗಲಿಯಲ್ಲಿ ಅಪ್ಪ ಬೆಳಿಗ್ಗೆ ಹುಡುಗರಿಗೆ ವೇದಪಾಠ ಹೇಳುತ್ತಿದ್ದರು. ಒಬ್ಬೊಬ್ಬನ ತಲೆಯ ಮೇಲೂ ಅಂಗೈ ಇಟ್ಟು, ಸ್ವರ ಏರಿದಲ್ಲಿ ತಲೆ ಎತ್ತಿಸುವುದು, ಇಳಿದಲ್ಲಿ ಬಗ್ಗಿಸುವುದು. ಕಿವಿ ಮರೆತರೂ ಕತ್ತು ಮರೆಯಬಾರದು ಎಂಬುದು ಅವರ ಲೆಕ್ಕಾಚಾರ. ಹೆಣ್ಣಾದ ನನಗೆ ಬಾಗಿಲ ಹಿಂದೆ ನಿಂತು ಕೇಳುವ ಭಾಗ್ಯವಷ್ಟೇ. ಆ ಕೈ ಒಮ್ಮೆಯಾದರೂ ನನ್ನ ತಲೆಯ ಮೇಲೆ ಕೂರಲಿ ಎಂದು ಬಹಳ ಆಸೆಯಿತ್ತು. ಆ ಹುಡುಗರನ್ನು ಕಂಡರೆ ಹೊಟ್ಟೆಯುರಿಯೂ ಇತ್ತು.

ಎಂಬತ್ತರ ದಶಕದಲ್ಲಿ ಬಿ.ಎ. ಮುಗಿಸಿ, ಗಂಡು ಸಿಗುವವರೆಗೆ ಸುಮ್ಮನೆ ಕೂರಲಾರದೆ, ಮೈಸೂರಿನ ಸಂಜೆ ತರಗತಿಯಲ್ಲಿ ಸ್ಪ್ಯಾನಿಷ್‌ಗೆ ಸೇರಿದೆ. ಫ್ರೆಂಚಿಗೆ ಜಾಗವಿರಲಿಲ್ಲ, ಅದೊಂದೇ ಕಾರಣ. ಪದವನ್ನು ತುಂಡು ತುಂಡಾಗಿ ಒಡೆದು, ಯಾವ ತುಂಡನ್ನು ಒತ್ತಿ ಹೇಳಬೇಕು ಎಂಬಲ್ಲಿ ಮಾತ್ರ ಪ್ರತಿಸಲವೂ ಮುಗ್ಗರಿಸುತ್ತಿದ್ದೆ. ಮೌಖಿಕ ಪರೀಕ್ಷೆ ಹತ್ತಿರ ಬಂದಾಗ ನನ್ನ ಗೊಣಗಾಟ ತಡೆಯಲಾರದೆ ಅಪ್ಪ ಒಳಗೆ ಬಂದರು.

"ನಿಯಮ ಏನೇ ಅದಕ್ಕೆ?"

"ಪದ ಸ್ವರಾಕ್ಷರದಲ್ಲಿ ಮುಗಿದ್ರೆ ಕೊನೇದರ ಹಿಂದಿನ ತುಂಡು ಒತ್ತಬೇಕು. ಎಲ್ಲಾದ್ರೂ ಮೇಲೆ ಗೀಟು ಇದ್ರೆ, ಅಲ್ಲಿ."

"ಇಷ್ಟೇನಾ? ಬಾ, ಕೂತ್ಕೋ."

"ನನಗೆ ಹೇಳಿಕೊಡಬಹುದಾ?"

"ಸ್ಪ್ಯಾನಿಷ್ ಹೆಂಗಸರಿಗೆ ಕೂಡದು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ."

ಅಂಗೈ ನನ್ನ ತಲೆಯ ಮೇಲೆ ಬಂತು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಕಿಟಕಿಗೆ ಸ್ಪ್ಯಾನಿಷ್‌ನಲ್ಲಿ ವೆನ್-ತಾ-ನ ಎನ್ನುತ್ತಾರೆ: ಮಧ್ಯದಲ್ಲಿ ತಲೆ ಮೇಲೆ. ಹೃದಯಕ್ಕೆ ಕೊ-ರ-ಸೋನ್: ಗೀಟು ಕೊನೆಯಲ್ಲಿ, ತಲೆಯೂ ಅಲ್ಲೇ ಮೇಲೆ. ವಾರವಿಡೀ ಇದೇ ನಡೆಯಿತು.

"ಹುಡುಗಿ ಹೀಗೆ ಕತ್ತು ಕುಣಿಸಿದ್ರೆ ಯಾವ ಗಂಡು ಒಪ್ತಾನೆ?" ಎಂದು ಅಮ್ಮ ಅಡುಗೆಮನೆಯಿಂದಲೇ ಕೂಗಿದಳು.

ಪರೀಕ್ಷಕರು ಕನ್ನಡದವರೇ. ಮದುವೆಯಾಗಿದೆಯೇ ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿದರು. ಬಾಯಿ ಇಲ್ಲವೆಂದಿತು, ಕತ್ತು ತನ್ನ ಪಾಡಿಗೆ ಮೇಲೆ ಕೆಳಗೆ ಹೋಗಿ ಹೌದೆಂದಿತು. ಮಕ್ಕಳಿದ್ದಾರೆಯೇ? ಮತ್ತೆ ಅದೇ ಕಥೆ. ಅವರು ಪೆನ್ನು ಕೆಳಗಿಟ್ಟು, "ಅಮ್ಮಾ, ಕನ್ನಡದಲ್ಲೇ ಹೇಳಿಬಿಡಿ, ಆಗಿದೆಯೋ ಇಲ್ವೋ?" ಎಂದರು. ನಾಚಿಕೆಯಿಂದ ಅಪ್ಪನ ಪಾಠದ ಕಥೆಯೆಲ್ಲ ಹೇಳಿದೆ. ಅವರು ನಗು ತಡೆಯಲಾರದೆ, "ಒಂದು ತುಂಡೂ ತಪ್ಪಿಲ್ಲ, ಪಾಸು. ನಿಮ್ಮ ಗುರುಗಳಿಗೆ ನನ್ನ ನಮಸ್ಕಾರ ಹೇಳಿ" ಎಂದರು.

ಮನೆಗೆ ಬಂದು ನಮಸ್ಕಾರ ಮುಟ್ಟಿಸಿದೆ. ಅಪ್ಪ ಶಲ್ಯ ಸರಿಮಾಡಿಕೊಂಡು, "ಹಾಗಾದ್ರೆ ಪಾಠ ಮುಗೀತು" ಎಂದರು. ಎದ್ದು ಬಾಗಿಲವರೆಗೆ ಹೋದವರು ಅಲ್ಲೇ ನಿಂತರು.

"ಇದಕ್ಕಿಂತ ಮೇಲಿನ ಪರೀಕ್ಷೆ ಯಾವುದೂ ಇಲ್ವೇನೆ?"

ಇತ್ತು. ಅದಕ್ಕೆ ಹೆಸರು ಕೊಟ್ಟೇ ನಾನು ಊರಿನ ಬಸ್ಸು ಹತ್ತಿದ್ದೆ.