ಮರೆವ್ವ ಮಗಳನ್ನು ಓದಿಸಿದ್ದು

ಕೌಜಲಗಿಯ ಹೊರಗೆ ತೋಟದ ವಸತಿಯಲ್ಲಿದ್ದ ಮರೆವ್ವ ಶಾಲೆಯನ್ನು ಕಿಟಕಿಯಿಂದಲೇ ನೋಡಿ ಬೆಳೆದವಳು. ಚಿಕ್ಕಂದಿನಲ್ಲಿ ತಮ್ಮನನ್ನು ಬಗಲಲ್ಲಿ ಹೊತ್ತು ಆ ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು. ಒಳಗಿನವರು ಕೂಗುತ್ತಿದ್ದ ಮಗ್ಗಿ ಅವಳಿಗೂ ಬಾಯಿಪಾಠವಾಯಿತು, ಅಕ್ಷರ ಮಾತ್ರ ಕೈಗೆ ಹತ್ತಲಿಲ್ಲ. ಗಂಡ ಸಿದ್ರಾಮ ಘಟಪ್ರಭಾ ಸ್ಟೇಷನ್ನಿನಲ್ಲಿ ಹಮಾಲಿ ಮಾಡುವವನು, ಮನೆಗೆ ಬರುವುದೇ ಅಪರೂಪ. ಹಾಗಾಗಿ ಮಗಳು ಕಾಜಲ್ ತೋಟದ ಶಾಲೆಗೆ ಸೇರಿದ ದಿನ ಅಣ್ಣಾಸಾಹೇಬ ಮಾಸ್ತರರು "ಮನ್ಯಾಗ ದಿನಾ ಓದಸಬೇಕ್ರಿ, ನೀವು ಬಾಜೂಕ ಕುಂದ್ರಬೇಕು" ಎಂದದ್ದನ್ನು ಮರೆವ್ವ ಹರಕೆ ಹೊತ್ತವಳಂತೆ ಹಿಡಿದಳು.

ಕಬ್ಬಿನ ಹೊಲದಲ್ಲಿ ಕಸ ತೆಗೆದು ಬಂದು, ಒಲೆ ಹಚ್ಚಿ, ರೊಟ್ಟಿ ಬಡಿಯಲು ಕೂತಳೆಂದರೆ ಮಗಳೂ ಪುಸ್ತಕ ಹಿಡಿದು ಎದುರಿಗೆ ಕೂರಬೇಕು. ಮೊದಮೊದಲು ಕಾಜಲ್ "ನನಗ ಬರಂಗಿಲ್ಲವಾ" ಎನ್ನುತ್ತಿದ್ದಳು. ಹಾಗೆಂದಾಗಲೆಲ್ಲ ಬೆನ್ನಿಗೊಂದು ಬೀಳುತ್ತಿತ್ತು. ಒಂದು ಸಂಜೆ ಹುಡುಗಿ ಪುಸ್ತಕದ ಮೇಲೆ ಕಣ್ಣು ನೆಟ್ಟು ಓದತೊಡಗಿದಳು. ಎಲ್ಲೂ ತಡವರಿಸಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿತು, ಮರೆವ್ವನಿಗೆ ಅದರ ಪರಿವೆಯೇ ಇರಲಿಲ್ಲ.

ಅಂದಿನಿಂದ ಆ ಮನೆಯ ಸಂಜೆಗಳೇ ಬೇರೆಯಾದವು. ಪುಸ್ತಕದಲ್ಲೊಂದು ತೋಳವಿತ್ತು. ಅದು ಕೌಜಲಗಿಯಲ್ಲಿ ಬಸ್ಸು ಹತ್ತಿತು. ಕಂಡಕ್ಟರ್ ಟಿಕೀಟು ಕೇಳಿದರೆ, "ನಾ ಗೋಕಾಕ ಕೋರ್ಟಿಗೆ ಹೊಂಟೇನ್ರಿ, ಕುರಿ ನನ್ನ ಮ್ಯಾಲ ಕೇಸ್ ಹಾಕೈತಿ" ಎಂದಿತು. ವಕೀಲ ನರಿ ತೋಳದ ಕಡೆಯೂ ಮಾತಾಡಿತು, ಕುರಿಯ ಕಡೆಯೂ ಮಾತಾಡಿತು. ಮರೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಮರುದಿನ ಹೊಲದಲ್ಲಿ ಜೊತೆಯ ಹೆಂಗಸರು, "ಏನಾತ ಬೇ ಮರೆವ್ವಾ, ತ್ವಾಳಗ ಜಾಮೀನ ಸಿಕ್ತೇನು?" ಎಂದು ಕೇಳುವರು. "ಹಾಳಿ ತಿರುವಿದ ಮ್ಯಾಲ ಗೊತ್ತಾಗತೈತಿ. ನನ್ನ ಮಗಳು ಓದ್ತಾಳ" ಎಂದು ಮರೆವ್ವ ಕುರ್ಚಿಗೆ ಒರಗಿ ಕೂತವಳ ಗತ್ತಿನಲ್ಲಿ ಹೇಳುವಳು.

ಕಾಜಲ್ ಮೂರನೆಯ ಇಯತ್ತೆಯಲ್ಲಿದ್ದಾಗ ಶಾಲೆಯಲ್ಲಿ ಪಾಲಕರ ಸಭೆ ನಡೆಯಿತು. ಮನೆಯಲ್ಲಿ ಮಕ್ಕಳಿಗೆ ಓದು ಕಲಿಸಲು ತಾಯಂದಿರು ಏನು ಮಾಡಬೇಕು ಎಂದು ಹೇಳಿಕೊಡಲು ಗೋಕಾಕದಿಂದ ದಾಕ್ಷಾಯಿಣಿ ಎಂಬ ಅಕ್ಕೋರು ಬಂದಿದ್ದರು. "ನಿಮ್ಮಾಗ ಯಾರ ಮನ್ಯಾಗ ದಿನಾ ಓದಸ್ತೀರಿ?" ಎಂದು ಅವರು ಕೇಳುವುದೇ ತಡ, ಮರೆವ್ವ ಎದ್ದು ನಿಂತಳು.

"ನಾ ಓದಸ್ತೇನ್ರಿ. ನಮ್ಮ ಕಾಜಲ್ ಗಡಗಡ ಓದ್ತಾಳ್ರಿ."

ಅಕ್ಕೋರು ಖುಷಿಯಿಂದ ಕಾಜಲ್‌ಳನ್ನು ಕರೆದು ಪುಸ್ತಕ ಕೊಟ್ಟರು. ಹುಡುಗಿ ತಾಯಿಯ ಮುಖ ನೋಡಿದಳು, ಪುಸ್ತಕ ನೋಡಿದಳು, ಸಣ್ಣ ದನಿಯಲ್ಲಿ ಶುರುಮಾಡಿದಳು. ತೋಳ ಬಸ್ಸು ಹತ್ತುವ ಹೊತ್ತಿಗೆ ಅಕ್ಕೋರು ಮೆಲ್ಲಗೆ ಸಾಲಿನ ಕೆಳಗೆ ಬೆರಳಿಟ್ಟರು. "ಇಲ್ಲೇನೈತಿ, ಅಷ್ಟ ಓದವಾ."

ಕಾಜಲ್ ಓದಲಿಲ್ಲ. ಅವಳಿಗೆ ಒಂದು ಸಾಲೂ ಬರುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗು ಹಬ್ಬಿತು. ಅಣ್ಣಾಸಾಹೇಬ ಮಾಸ್ತರರು, "ಇಷ್ಟ ದಿನಾ ಬಾಜೂಕ ಕುಂತು ಏನ ಓದಿಸಿದಿ ಮರೆವ್ವಾ?" ಎಂದರು. ದಿನಬೆಳಗಾದರೆ ಹುಡುಗಿ ನಿಮ್ಮ ಎದುರಿಗೇ ಕೂತಿರುತ್ತಿದ್ದಳಲ್ಲ, ನೀವೇನು ಓದಿಸಿದಿರಿ ಎಂಬ ಮಾತು ಮರೆವ್ವನ ಗಂಟಲವರೆಗೆ ಬಂತು. ಮಾಸ್ತರರಿಗೆ ಅಂಥ ಮಾತು ಆಡಿ ಅವಳಿಗೆ ರೂಢಿಯಿರಲಿಲ್ಲ. ನುಂಗಿಕೊಂಡಳು.

ಆ ನುಂಗಿದ್ದು ಮನೆಯಲ್ಲಿ ಹೊರಗೆ ಬಿತ್ತು. ಕಾಜಲ್‌ಳಿಗೆ ಅಷ್ಟು ಏಟು ಹಿಂದೆಂದೂ ಬಿದ್ದಿರಲಿಲ್ಲ.

"ಹೆತ್ತ ತಾಯಿನ್ನ ಹುಚ್ಚಿ ಮಾಡಿದೆಲ್ಲ. ಯಾಕ ಸುಳ್ಳ ಓದಿದಿ?"

"ಬರಂಗಿಲ್ಲ ಅಂದ್ರ ಹೊಡಿತಿದ್ದಿ," ಎಂದಳು ಕಾಜಲ್. ಅಳು ನಿಂತಿತ್ತು. "ಕತಿ ಹೇಳಿದ್ರ ನಗತಿದ್ದಿ."

ಆ ಮಾತಿಗೂ ಮರೆವ್ವ ಇನ್ನೊಂದು ಏಟು ಹಾಕಿದಳು.

ಎರಡು ದಿನ ಬಿಟ್ಟು ದಾಕ್ಷಾಯಿಣಿ ಅಕ್ಕೋರು ತಾವೇ ಮನೆಗೆ ಬಂದರು. "ನಂದೂ ತಪ್ಪೈತ್ರಿ, ನಾಲ್ಕ ಮಂದಿ ಮುಂದ ಆಕಿನ್ನ ನಿಂದ್ರಸಬಾರದಿತ್ತು" ಎಂದರು. "ಇಂಥಾ ಕತಿ ಕಟ್ಟೂ ಕೂಸಿಗೆ ಓದು ಬರಾಕ ತಡಾ ಆಗೂದಿಲ್ಲ. ಹೊಡೀಬ್ಯಾಡ್ರಿ. ಚಿತ್ರ ನೋಡಿ ಕತಿ ಹೇಳಲಿ, ನೀವು ಕೇಳ್ರಿ. ಆಕಿ ಹೇಳಿದ್ರಾಗಿನ ಒಂದೊಂದು ಶಬ್ದ ಬರದು ತೋರ್ಸೂಣು. ನಿಮಗೂ ಅಕ್ಷರ ಕಲಸ್ತೇನಿ, ಬರ್ರಿ."

ಇಷ್ಟರಲ್ಲಿ ಮರೆವ್ವನ ಕಿವಿಗೆ ಬಿದ್ದದ್ದು ಕಡೆಯ ಮಾತೊಂದೇ. ಅಕ್ಷರ ಕಲಿತರೆ ಇನ್ನು ಯಾರೂ ತನಗೆ ಮೋಸ ಮಾಡಲಾರರು. ಹೊಲದಿಂದ ನೇರ, ತೋಟದ ಶಾಲೆಯಲ್ಲಿ ಅಕ್ಕೋರು ನಡೆಸುತ್ತಿದ್ದ ತರಗತಿಗೆ ಹೋದಳು. ಕಳೆ ಕಿತ್ತು ಬಿರುಸಾದ ಬೆರಳಿಗೆ ಪೆನ್ಸಿಲ್ ಹಿಡಿಸಲು ಹೆಣಗಿದಳು. ವರ್ಷ ತುಂಬುವುದರೊಳಗೆ ಒಂದೊಂದೇ ಅಕ್ಷರ ಕೂಡಿಸಿ ಓದುವಷ್ಟಾದಳು. ಆಮೇಲೆ ಸಂಜೆ ಮಗಳ ಪುಸ್ತಕದ ಮೇಲೆ ಅವಳದೇ ಬೆರಳು. ಬೆರಳು ಸರಿದಷ್ಟೇ ಕಾಜಲ್ ಓದಬೇಕು. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹುಡುಗಿ ಬಲು ಬೇಗ ಕಲಿತಳು, ತಾಯಿಯ ಬೆರಳಿಗಿಂತ ಬೇಗ. ಒಮ್ಮೆ ಪಾಠ ಮುಗಿದ ಮೇಲೆ ಮರೆವ್ವನಿಗೇ ತಡೆಯಲಾಗಲಿಲ್ಲ.

"ಅದೇ ಆ ತ್ವಾಳ, ಕೋರ್ಟಿನ್ಯಾಗ ಆಮ್ಯಾಲ ಏನಾತಬೇ?"

ಕಾಜಲ್ ಪುಸ್ತಕ ಮುಚ್ಚಿದಳು. "ಪುಸ್ತಕದಾಗ ಇಲ್ಲ" ಎಂದಳು.

ಐದನೆಯ ಇಯತ್ತೆ ಮುಗಿದಾಗ ಕಾಜಲ್ ಪರೀಕ್ಷೆ ಪಾಸಾಗಿ ಹುಕ್ಕೇರಿ ಕಡೆಯ ವಸತಿ ಶಾಲೆಗೆ ಸೇರಿದಳು. ಅಣ್ಣಾಸಾಹೇಬ ಮಾಸ್ತರರು ಸಭೆಯಲ್ಲಿ ಮರೆವ್ವನನ್ನು ನಿಲ್ಲಿಸಿ, ಪಾಲಕರೆಂದರೆ ಹೀಗಿರಬೇಕು ಎಂದು ಚಪ್ಪಾಳೆ ಹೊಡೆಸಿದರು. ಚಪ್ಪಾಳೆ ಹೊಡೆದವರಲ್ಲಿ ಅಂದು ನಕ್ಕವರೂ ಇದ್ದರು.

ಪಾಲಕರನ್ನು ಒಳಗೆ ಬಿಡುವ ಭಾನುವಾರ ಮರೆವ್ವ ಶೇಂಗಾ ಹೋಳಿಗೆ ಕಟ್ಟಿಕೊಂಡು ಗೋಕಾಕದಲ್ಲಿ ಬಸ್ಸು ಬದಲಿಸಿ ಹೋದಳು. ವಸತಿ ಶಾಲೆಯ ಪಡಸಾಲೆ ತಿರುಗುವಲ್ಲಿ ಮಗಳ ದನಿ ಕೇಳಿ ನಿಂತಳು. ಸುತ್ತ ಕೂತ ಹುಡುಗಿಯರಿಗೆ ಕಾಜಲ್ ಕೈ ತಿರುಗಿಸುತ್ತ ಹೇಳುತ್ತಿದ್ದಳು. ಒಂದು ನಾಯಿ ಘಟಪ್ರಭಾದಲ್ಲಿ ರೈಲು ಹತ್ತಿತ್ತು, ಟಿ.ಸಿ.ಯ ಎದುರಿಗೆ ಕಾಲಮೇಲೆ ಕಾಲು ಹಾಕಿ ಕೂತಿತ್ತು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಅವಳ ಕೈಯಲ್ಲಿ ಪುಸ್ತಕವಿರಲಿಲ್ಲ.

"ಕಾಜಲ್, ನಿಮ್ಮವ್ವ ಬಂದಾರ ನೋಡು," ಎಂದಳು ಒಬ್ಬಳು.

ಕತೆ ಅಲ್ಲಿಗೇ ನಿಂತಿತು. ಕಾಜಲ್ ಎದ್ದು ಲಂಗ ಸರಿಮಾಡಿಕೊಂಡು ಬಂದಳು, ಮಾಸ್ತರರ ಮುಂದೆ ಬರುವ ಹಾಗೆ.

"ಯಾವಾಗ ಬಂದಿ?"

"ಈಗ."

ನಾಯಿಗೇನಾಯಿತು ಎಂದು ಕೇಳಬೇಕೆಂದಿದ್ದಳು ಮರೆವ್ವ. "ಅಭ್ಯಾಸ ಛಲೋ ಮಾಡಾಕತ್ತಿಯಿಲ್ಲೋ?" ಎಂಬ ಮಾತು ಬಂತು.

"ಹೂಂ."

ಗಂಟು ಕೊಟ್ಟಳು. ಕಾಜಲ್ ಇಸಿದುಕೊಂಡಳು. ಬಳಿಕ ಮಗಳೇ "ಬಸ್ ತಪ್ಪತೈತಿ, ಹೋಗು" ಎಂದು ಒಳಗೆ ಹೋದಳು. "ಆಮ್ಯಾಲ ಏನಾತ ಹೇಳ" ಎಂದು ಹುಡುಗಿಯರು ಅವಳ ಬೆನ್ನು ಹತ್ತಿದರು, ಕಡೆಯವಳು ಬಾಗಿಲು ಮುಚ್ಚಿದಳು.

ಮರೆವ್ವ ಬಾಗಿಲ ಹೊರಗೆ ಕಿವಿಗೊಟ್ಟು ನಿಂತಳು. ಮಾತು ತಿಳಿಯಲಿಲ್ಲ, ಆಗಾಗ ನಗುವಷ್ಟೇ ಕೇಳುತ್ತಿತ್ತು. ಬಸ್ಸೂ ತಪ್ಪಿತು.